ಕಿಂಡರ್ ಸ್ಕೌಟ್, ಮ್ಯಾಮ್ ಟಾರ್: ಕಾರಿಲ್ಲದೆ ಒಂದು ವಾರಾಂತ್ಯ

ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡಿನಲ್ಲಿರುವ ಕಿಂಡರ್ ಸ್ಕೌಟ್ ಬೆಟ್ಟದ ಎತ್ತರ 636 ಮೀಟರ್. ಮುಳ್ಳಯ್ಯನಗಿರಿಯ ಮೂರರಲ್ಲಿ ಒಂದು ಪಾಲು. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣವೇ ಸಮುದ್ರಮಟ್ಟದಿಂದ ಇದಕ್ಕಿಂತ ಮೇಲಿದೆ. ಹಾಗಾಗಿ ಕುಮಾರಪರ್ವತ ಹತ್ತಿಳಿದವರು ಇಂಗ್ಲೆಂಡಿಗೆ ಬಂದು ಇಲ್ಲಿನ ನಕ್ಷೆ ನೋಡಿದರೆ "ಇಷ್ಟೇನಾ?" ಅನ್ನುತ್ತಾರೆ. ಜೀನ್ಸ್, ಸ್ಪೋರ್ಟ್ಸ್ ಶೂ, ಒಂದು ಕೊಡೆ ಹಿಡಿದು ಹೊರಟೂ ಬಿಡುತ್ತಾರೆ. ಆದರೆ ಇಲ್ಲಿ ಜನರನ್ನು ಸೋಲಿಸುವುದು ಎತ್ತರವಲ್ಲ. ಗಾಳಿ, ಒದ್ದೆ, ಮಂಜು, ಬೇಗ ಮುಳುಗುವ ಸೂರ್ಯ. ಈ ನಾಲ್ಕಕ್ಕೆ ಸಿದ್ಧರಾಗಿ ಹೋದರೆ ಪೀಕ್ ಡಿಸ್ಟ್ರಿಕ್ಟ್‌ನಷ್ಟು ಸಲೀಸಾದ ಚಾರಣದ ಜಾಗ ಬ್ರಿಟನ್ನಿನಲ್ಲಿ ಮತ್ತೊಂದಿಲ್ಲ. ಕಾರು ಬೇಡವೇ ಬೇಡ.

ಪೀಕ್ ಡಿಸ್ಟ್ರಿಕ್ಟ್ 1951ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಬ್ರಿಟನ್ನಿನಲ್ಲಿ ಅದೇ ಮೊದಲನೆಯದು. ಒಂದು ಕಡೆ ಮ್ಯಾಂಚೆಸ್ಟರ್, ಇನ್ನೊಂದು ಕಡೆ ಷೆಫೀಲ್ಡ್. ನಡುವೆ ಹೋಪ್ ಕಣಿವೆಯ ರೈಲುಮಾರ್ಗ. ಇಳಿಯಬೇಕಾದ ಊರು ಎಡೇಲ್ ಅಂತ ಬರೆದಂತೆ ಕಂಡರೂ ಸ್ಥಳೀಯರ ಬಾಯಲ್ಲಿ ಅದು "ಈಡೇಲ್". ಮ್ಯಾಂಚೆಸ್ಟರ್ ಪಿಕಡಿಲಿಯಿಂದ ಮುಕ್ಕಾಲು ಗಂಟೆ, ಷೆಫೀಲ್ಡ್‌ನಿಂದ ಅರ್ಧ ಗಂಟೆ. ಲಂಡನ್ನಿನವರು ಸೇಂಟ್ ಪ್ಯಾಂಕ್ರಾಸ್‌ನಿಂದ ಷೆಫೀಲ್ಡ್‌ಗೆ ಎರಡು ಗಂಟೆ ಚಿಲ್ಲರೆಯಲ್ಲಿ ಬಂದು ಅಲ್ಲಿ ಗಾಡಿ ಬದಲಿಸಬೇಕು. ಒಂದು ಎಚ್ಚರ: ಎರಡೂ ನಗರಗಳ ನಡುವಿನ ವೇಗದ ರೈಲುಗಳು ಈಡೇಲ್‌ನಲ್ಲಿ ನಿಲ್ಲುವುದಿಲ್ಲ. ಎಲ್ಲ ಸಣ್ಣ ನಿಲ್ದಾಣಗಳಲ್ಲೂ ನಿಲ್ಲುವ ಗಾಡಿಯನ್ನೇ ಹಿಡಿಯಬೇಕು, ಅದು ಹೆಚ್ಚುಕಡಿಮೆ ಗಂಟೆಗೊಂದು. ಭಾನುವಾರ ಹಳಿ ದುರಸ್ತಿಯೆಂದು ರೈಲಿನ ಬದಲು ಬಸ್ ಬಿಡುವುದೂ ಉಂಟು, ಆದ್ದರಿಂದ ವಾಪಸಾತಿಯ ವೇಳೆಯನ್ನು ಶುಕ್ರವಾರ ರಾತ್ರಿಯೇ ಮತ್ತೊಮ್ಮೆ ನೋಡಿಕೊಳ್ಳಿ. ಇಬ್ಬರೇ ಹೋಗುವುದಾದರೆ "ಟೂ ಟುಗೆದರ್" ರೈಲ್‌ಕಾರ್ಡ್‌ನಿಂದ ಟಿಕೆಟ್ಟಿನಲ್ಲಿ ಮೂರನೇ ಒಂದು ಪಾಲು ಉಳಿಯುತ್ತದೆ.

ಕಾರಿನಲ್ಲೇ ಬರುತ್ತೇವೆ ಅನ್ನುವವರಿಗೆ ಇಷ್ಟೇ ಹೇಳಬಹುದು: ಒಳ್ಳೆಯ ಬಿಸಿಲಿನ ಶನಿವಾರ ಬೆಳಗ್ಗೆ ಒಂಬತ್ತಕ್ಕೆಲ್ಲ ಪಾರ್ಕಿಂಗ್ ತುಂಬಿರುತ್ತದೆ. ಆಮೇಲೆ ರಸ್ತೆಯಂಚಿಗೆ ನಿಲ್ಲಿಸಿದರೆ ದಂಡ ಬೀಳುತ್ತದೆ, ಆಂಬ್ಯುಲೆನ್ಸ್‌ಗೂ ದಾರಿಯಿರುವುದಿಲ್ಲ. ಇನ್ನೂ ದೊಡ್ಡ ನಷ್ಟವೆಂದರೆ ಕಾರು ಬಿಟ್ಟ ಜಾಗಕ್ಕೇ ತಿರುಗಿ ಬರಬೇಕು. ರೈಲಿನಲ್ಲಿ ಬಂದರೆ ಒಂದು ನಿಲ್ದಾಣದಲ್ಲಿ ಇಳಿದು, ಬೆಟ್ಟ ದಾಟಿ, ಮತ್ತೊಂದರಲ್ಲಿ ಹತ್ತಬಹುದು. ಕೆಳಗಿನ ಯೋಜನೆ ನಿಂತಿರುವುದೇ ಇದರ ಮೇಲೆ.

ಮೊದಲು ಬಟ್ಟೆಯ ವಿಚಾರ. ಹತ್ತಿ ಬೇಡ. ಜೀನ್ಸ್ ಅಂತೂ ಖಂಡಿತ ಬೇಡ. ಹತ್ತಿ ನೀರು ಹೀರಿ ಮೈಗಂಟುತ್ತದೆ, ಒಣಗುವುದಿಲ್ಲ, ಒಣಗುವಷ್ಟು ಹೊತ್ತೂ ಮೈಯ ಕಾವನ್ನೇ ಹೀರುತ್ತಿರುತ್ತದೆ. ಈಡೇಲ್ ಹಳ್ಳಿಗಿಂತ ಕಿಂಡರ್‌ನ ನೆತ್ತಿ ಸುಮಾರು 400 ಮೀಟರ್ ಮೇಲಿದೆ, ಅಷ್ಟಕ್ಕೇ ಎರಡೂವರೆ ಮೂರು ಡಿಗ್ರಿ ಇಳಿಯುತ್ತದೆ. ಅದರ ಮೇಲೆ ಗಾಳಿ. ಥರ್ಮಾಮೀಟರ್ 5 ಡಿಗ್ರಿ ತೋರಿಸುತ್ತಿದ್ದು ಗಂಟೆಗೆ 50 ಕಿ.ಮೀ. ಗಾಳಿ ಬೀಸಿದರೆ ಚರ್ಮಕ್ಕೆ ತಟ್ಟುವುದು ಸೊನ್ನೆಗಿಂತ ಕೆಳಗಿನ ಚಳಿ. ಆದ್ದರಿಂದ ಒಂದು ದಪ್ಪ ಜಾಕೆಟ್ಟಿನ ಬದಲು ಮೂರು ತೆಳು ಪದರ: ಬೆವರು ಹೊರಹಾಕುವ ಬನಿಯನ್, ಮೇಲೊಂದು ಬೆಚ್ಚನೆಯ ಫ್ಲೀಸ್ ಅಂಗಿ, ಅದರ ಮೇಲೆ ನೀರು ಗಾಳಿ ಎರಡನ್ನೂ ತಡೆಯುವ ಟೋಪಿಯಿರುವ ಹೊರಪದರ. ಮಳೆಪ್ಯಾಂಟು ಕೊಳ್ಳುವಾಗ ಕಾಲಿನ ಬದಿಗೆ ಉದ್ದ ಜಿಪ್ ಇರುವುದನ್ನೇ ನೋಡಿ. ಬೂಟು ಬಿಚ್ಚದೆ ಹಾಕಿಕೊಳ್ಳಲು ಬರದಿದ್ದರೆ, ಮಳೆಯಲ್ಲಿ ಒಂಟಿಕಾಲಲ್ಲಿ ಕುಣಿಯುವ ಬದಲು ಯಾರೂ ಅದನ್ನು ಹಾಕುವುದೇ ಇಲ್ಲ. ಕೊಡೆ ಹತ್ತು ನಿಮಿಷಕ್ಕೆ ಮಗುಚಿಕೊಳ್ಳುತ್ತದೆ. ಪಾಂಚೋ ಹಾಯಿಯಂತೆ ಉಬ್ಬಿ ನಿಮ್ಮನ್ನೇ ಎಳೆದಾಡುತ್ತದೆ.

ಬ್ಯಾಗಿನ ಮೇಲಿನ ಮಳೆಹೊದಿಕೆಯನ್ನೂ ನೆಚ್ಚಬೇಡಿ. ಗಾಳಿಗೆ ಹಾರಿಹೋಗದಿದ್ದರೆ ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಒಂದು ದಪ್ಪ ಕಸದ ಚೀಲವನ್ನು ಬ್ಯಾಗಿನ ಒಳಗೆ ಹಾಕಿ, ಸಾಮಾನೆಲ್ಲ ಅದರೊಳಗೆ ತುಂಬಿ ಬಾಯಿ ಸುತ್ತಿಬಿಡಿ, ಸಾಕು. ಬೂಟು ಗೆಣ್ಣು ಮುಚ್ಚುವಂಥದ್ದಿರಲಿ, ಹೊಸದಾದರೆ ಎರಡು ವಾರ ಮೊದಲೇ ಬೀದಿಯಲ್ಲಿ ಹಾಕಿ ಪಳಗಿಸಿ. ಉಣ್ಣೆಯ ಕಾಲುಚೀಲ ಎರಡು ಜೊತೆ. ಹಿಮ್ಮಡಿ ಬಿಸಿಯಾದಂತೆ ಅನಿಸಿದ ತಕ್ಷಣ ಕೂತು ಪಟ್ಟಿ ಹಚ್ಚಬೇಕು. "ಮುಂದಿನ ಗೇಟಿನ ಹತ್ತಿರ ನೋಡೋಣ" ಅಂದವರ ಕಾಲಲ್ಲಿ ಬೊಬ್ಬೆ ಎದ್ದಿರುತ್ತದೆ.

ನಕ್ಷೆ ಬೇಕೇ ಬೇಕು. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ಮಾಲೆಯ ಒಎಲ್ 1 ಹಾಳೆ ಈ ಎರಡು ದಿನವನ್ನೂ ಪೂರ್ತಿ ಹಿಡಿಯುತ್ತದೆ. ಅಳತೆ 1:25,000, ಅಂದರೆ ನಕ್ಷೆಯ 4 ಸೆಂ.ಮೀ. ನೆಲದ 1 ಕಿ.ಮೀ. ಕಾಗದದ ನಕ್ಷೆಯ ಜೊತೆ ಬರುವ ಸಂಕೇತ ಬಳಸಿ ಅದನ್ನೇ ಫೋನಿಗೂ ಇಳಿಸಿಕೊಳ್ಳಬಹುದು. ಮನೆಯಲ್ಲೇ ಇಳಿಸಿಕೊಳ್ಳಿ, ಈಡೇಲ್ ಕಣಿವೆಯಲ್ಲಿ ಸಿಗ್ನಲ್ ಕಣ್ಣಾಮುಚ್ಚಾಲೆ ಆಡುತ್ತದೆ. ನಕ್ಷೆಯಲ್ಲಿ ಹಸಿರು ಚುಕ್ಕೆಗೆರೆ ಇದ್ದರೆ ಅದು ಸಾರ್ವಜನಿಕ ಹಾದಿ: ಚಿಕ್ಕ ಗೆರೆಯದು ಕಾಲ್ನಡಿಗೆಗೆ ಮಾತ್ರ, ಉದ್ದ ಗೆರೆಯದು ಕುದುರೆ ಸೈಕಲ್ಲಿಗೂ. ನೆಲದ ಮೇಲೆ ಕಂಬಗಳಲ್ಲಿ ಹಳದಿ ಬಾಣ ನಡೆಯುವವರದು, ನೀಲಿ ಬಾಣ ಕುದುರೆಯವರದು. ಕಪ್ಪು ಚುಕ್ಕೆಗೆರೆ ಕಂಡರೆ ಅಲ್ಲೊಂದು ಸವೆದ ದಾರಿ ಇದೆ ಎಂದಷ್ಟೇ ಅರ್ಥ, ನಡೆಯುವ ಹಕ್ಕಿದೆ ಎಂದಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಯಾರಿಗಾದರೂ ನೀವಿರುವ ಜಾಗ ಹೇಳಬೇಕಾದರೆ ಆರಂಕಿಯ ಗ್ರಿಡ್ ಉಲ್ಲೇಖ ಕಲಿತಿರಬೇಕು. ಭಾನುವಾರ ಹತ್ತುವ ಮ್ಯಾಮ್ ಟಾರ್ ಬೆಟ್ಟದ್ದು ಎಸ್‌ಕೆ 127 836. ಎಸ್‌ಕೆ ಅಂದರೆ ಈ ಸೀಮೆಯ ದೊಡ್ಡ ಚೌಕದ ಹೆಸರು. ನಕ್ಷೆಯ ಕೆಳಗಂಚಿನಲ್ಲಿ 12 ಎಂಬ ಗೆರೆ ಹುಡುಕಿ, ಅಲ್ಲಿಂದ ಬಲಕ್ಕೆ ಚೌಕದ ಹತ್ತರಲ್ಲಿ ಏಳು ಪಾಲು. ಆಮೇಲೆ ಎಡಗಂಚಿನಲ್ಲಿ 83ರ ಗೆರೆ, ಅಲ್ಲಿಂದ ಮೇಲಕ್ಕೆ ಆರು ಪಾಲು. ಮೊದಲು ಅಡ್ಡಕ್ಕೆ, ಆಮೇಲೆ ಮೇಲಕ್ಕೆ. ತಿರುವುಮುರುವು ಮಾಡಿದರೆ ನಿಮ್ಮನ್ನು ಹುಡುಕುವವರು ಬೇರೆ ಜಿಲ್ಲೆಗೆ ಹೋಗುತ್ತಾರೆ. ನೂರು ಮೀಟರಿನಷ್ಟು ಕರಾರುವಾಕ್ಕಾಗಿ ಜಾಗ ಸಿಗುತ್ತದೆ.

ವೇಳೆಯ ಲೆಕ್ಕಕ್ಕೆ 1892ರಿಂದ ನಡೆದುಬಂದ ನೇಯ್‌ಸ್ಮಿತ್ ಸೂತ್ರವಿದೆ: 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಶನಿವಾರದ ನಡಿಗೆ ಸುಮಾರು 14 ಕಿ.ಮೀ., ಏರು 450 ಮೀಟರ್. ಸೂತ್ರದ ಪ್ರಕಾರ ಮೂರೂವರೆ ಗಂಟೆ. ಆದರೆ ನೇಯ್‌ಸ್ಮಿತ್ ಸಾಹೇಬರು ಬುತ್ತಿ ಬಿಚ್ಚುವುದನ್ನೂ ಫೋಟೋ ತೆಗೆಯುವುದನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಅದರ ಅರ್ಧದಷ್ಟು ಸೇರಿಸಿ, ಐದೂವರೆ ಗಂಟೆ ಇಟ್ಟುಕೊಳ್ಳಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುವುದರಿಂದ ಚಿಂತೆಯಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಮೋಸಹೋಗುವ ದಿನ ಅಕ್ಟೋಬರ್‌ನ ಕೊನೆಯ ಭಾನುವಾರ: ಗಡಿಯಾರ ಒಂದು ಗಂಟೆ ಹಿಂದೆ ಸರಿದು, ನಿನ್ನೆ ಐದೂಮುಕ್ಕಾಲರವರೆಗೆ ಇದ್ದ ಬೆಳಕು ಇಂದು ಐದಕ್ಕೆ ಮೊದಲೇ ಮಾಯ. ತಲೆಗೆ ಕಟ್ಟುವ ಟಾರ್ಚು ಯಾವ ತಿಂಗಳಾದರೂ ಬ್ಯಾಗಿನಲ್ಲಿರಲಿ.

ಶನಿವಾರ ಈಡೇಲ್ ನಿಲ್ದಾಣದಿಂದ ಹಳ್ಳಿಯ ಕಡೆ ನಡೆಯಿರಿ. ದಾರಿಯಲ್ಲಿ ಪಾರ್ಕಿಂಗ್ ಪಕ್ಕ ಶೌಚಾಲಯವಿದೆ, ಬೆಟ್ಟದಲ್ಲಿ ಇನ್ನೆಲ್ಲೂ ಇಲ್ಲ. ರಸ್ತೆ ಮುಗಿಯುವಲ್ಲಿ ಓಲ್ಡ್ ನ್ಯಾಗ್ಸ್ ಹೆಡ್ ಎಂಬ ಪಬ್ಬು. 1965ರಲ್ಲಿ ತೆರೆದ, ಸ್ಕಾಟ್ಲೆಂಡಿನ ಗಡಿಯಾಚೆ ಕರ್ಕ್ ಯೆಟಮ್‌ವರೆಗೆ 430 ಕಿ.ಮೀ. ಸಾಗುವ ಪೆನೈನ್ ವೇ ಎಂಬ ಕಾಲುದಾರಿ ಶುರುವಾಗುವುದು ಇಲ್ಲಿಂದಲೇ. ಇಲ್ಲಿ ಎರಡು ಆಯ್ಕೆ. ಗ್ರಿಂಡ್ಸ್‌ಬ್ರೂಕ್ ಹಳ್ಳದ ಜಾಡು ಹಿಡಿದು ಹತ್ತಿ ಜೇಕಬ್ಸ್ ಲ್ಯಾಡರ್ ಎಂಬ ಕಲ್ಲುಮೆಟ್ಟಿಲಿನ ದಾರಿಯಲ್ಲಿ ಇಳಿಯುವುದು ಒಂದು, ಅದರ ತದ್ವಿರುದ್ಧ ಇನ್ನೊಂದು. ಮೊದಲನೆಯದೇ ಸರಿ. ಗ್ರಿಂಡ್ಸ್‌ಬ್ರೂಕ್‌ನ ಮೇಲ್ತುದಿಯಲ್ಲಿ ದಾರಿಯೇ ಹಳ್ಳ, ಹಳ್ಳವೇ ದಾರಿ. ಬಂಡೆಗಳ ಮೇಲೆ ಕೈಯೂರಿ ಹತ್ತುವುದು ಖುಷಿ, ಅದೇ ಒದ್ದೆ ಬಂಡೆಯ ಮೇಲೆ ಇಳಿಯುವುದು ಮೊಣಕಾಲಿಗೂ ಬೆನ್ನಿಗೂ ಶಿಕ್ಷೆ. ಹಿಂದಿನ ದಿನ ಜೋರು ಮಳೆ ಬಂದಿದ್ದರೆ, ಅಥವಾ ಸಣ್ಣ ಮಕ್ಕಳಿದ್ದರೆ, ಗ್ರಿಂಡ್ಸ್‌ಬ್ರೂಕ್ ಬಿಟ್ಟು ಹೋಗಿ ಬರುವುದೆರಡಕ್ಕೂ ಜೇಕಬ್ಸ್ ಲ್ಯಾಡರನ್ನೇ ಹಿಡಿಯಿರಿ.

ಮೇಲೆ ಬಂದ ಮೇಲೆ ಎಡಕ್ಕೆ ತಿರುಗಿ. ಇಲ್ಲಿಂದ ಮುಂದೆ ಒಂದೇ ನಿಯಮ: ಕಣಿವೆ ಯಾವಾಗಲೂ ನಿಮ್ಮ ಎಡಗೈಗಿರಲಿ. ಕಿಂಡರ್ ಶಿಖರವಲ್ಲ, ಮೇಜಿನಂತೆ ಚಪ್ಪಟೆಯಾದ ದೊಡ್ಡ ಪ್ರಸ್ಥಭೂಮಿ. ಅದರ ಅಂಚಿನುದ್ದಕ್ಕೂ ಸ್ಪಷ್ಟ ದಾರಿಯಿದೆ, ನಡುವೆ ಏನೂ ಇಲ್ಲ. ಏನೂ ಅಂದರೆ ಪೀಟ್ ಇದೆ. ಸಾವಿರಾರು ವರ್ಷಗಳಿಂದ ಪಾಚಿ ಹುಲ್ಲು ಅರೆಕೊಳೆತು ಕೂತ ಕಪ್ಪು ನೆಲ. ಮ್ಯಾಂಚೆಸ್ಟರ್, ಷೆಫೀಲ್ಡ್ ಕಾರ್ಖಾನೆಗಳ ಹೊಗೆ ಈ ಪಾಚಿಯನ್ನು ಸುಟ್ಟ ಮೇಲೆ ಬೋಳಾದ ಪೀಟನ್ನು ಮಳೆ ಕೊರೆಯಿತು. ಹೀಗೆ ಆಳೆತ್ತರದ ಕಂದಕಗಳ ಬಲೆಯೇ ಹುಟ್ಟಿತು, ಇವಕ್ಕೆ ಇಲ್ಲಿ "ಗ್ರಫ್" ಅನ್ನುತ್ತಾರೆ. ಒಂದರೊಳಗಿಳಿದರೆ ಆಕಾಶ ಬಿಟ್ಟು ಏನೂ ಕಾಣದು, ಹತ್ತಿದರೆ ಮುಂದೆ ಅಂಥದ್ದೇ ಇನ್ನೊಂದು. 636 ಮೀಟರಿನ ನಿಜವಾದ ನೆತ್ತಿ ಇರುವುದು ಈ ಗೋಜಲಿನ ನಡುವೆ, ನೋಡಲು ಅಲ್ಲೇನೂ ಇಲ್ಲ. ಅದನ್ನು ಮುಟ್ಟುವ ಹಟ ಮಂಜಿನ ದಿನ ಬೇಡ. ಅಂಚಿನ ದಾರಿಯಲ್ಲೇ ಸಾಗಿ ಕಿಂಡರ್ ಲೋದ 633 ಮೀಟರಿನ ಸರ್ವೆ ಕಂಬದವರೆಗೆ ಹೋದರೆ ಮೂರೇ ಮೀಟರ್ ಕಮ್ಮಿ.

ಆ ಅಂಚಿನಲ್ಲೇ ನೋಡುವುದಕ್ಕೆ ಬೇಕಾದಷ್ಟಿದೆ. ಕ್ರೌಡನ್ ಟವರ್ ದಾಟಿದ ಮೇಲೆ ವುಲ್‌ಪ್ಯಾಕ್ಸ್. ಮಿಲ್‌ಸ್ಟೋನ್ ಗ್ರಿಟ್ ಎಂಬ ಒರಟು ಮರಳುಗಲ್ಲು ಗಾಳಿ ಮಳೆಗೆ ಸವೆದು, ತುಂಬಿದ ಉಣ್ಣೆಮೂಟೆಗಳನ್ನು ಯಾರೋ ಗಾಡಿಯಿಂದ ಸುರಿದು ಹೋದಂತೆ ಹರಡಿಕೊಂಡಿದೆ. ಹೆಸರೇ ಹೇಳುವಂತೆ ಇದು ಬೀಸುಕಲ್ಲಿನ ಕಲ್ಲು, ಸುತ್ತಲಿನ ಕಲ್ಲುಗಣಿಗಳಲ್ಲಿ ಅರ್ಧ ಕಡೆದು ಬಿಟ್ಟ ಗಾಲಿಗಳು ಇಂದಿಗೂ ಬಿದ್ದಿವೆ. ಬುತ್ತಿಗೆ ಇದೇ ಜಾಗ, ಯಾವ ದಿಕ್ಕಿನ ಗಾಳಿಯಿದ್ದರೂ ಮರೆಗೊಂದು ಬಂಡೆ ಸಿಗುತ್ತದೆ. ಮುಂದೆ ಕಮ್ಮಾರನ ಅಡಿಗಲ್ಲಿನಂತಿರುವ ನೋ ಸ್ಟೂಲ್. ಪೆನೈನ್ ವೇಯಲ್ಲಿ ಜೌಗಿನ ಮೇಲೆ ಹಾಸಿದ ಚಪ್ಪಡಿಗಳನ್ನು ಬಗ್ಗಿ ನೋಡಿ, ಕೆಲವುಗಳಲ್ಲಿ ಗುಂಡಗಿನ ತೂತುಗಳಿರುತ್ತವೆ. ಕೆಡವಿದ ಹತ್ತಿ ಗಿರಣಿಗಳ ನೆಲಗಲ್ಲುಗಳಿವು, ಯಂತ್ರಗಳನ್ನು ಬಿಗಿದ ಗುರುತು ಹಾಗೇ ಉಳಿದಿದೆ. ಚಪ್ಪಡಿ ಬಿಟ್ಟು ಪಕ್ಕದ ಹಸಿರಿನ ಮೇಲೆ ಕಾಲಿಡಬೇಡಿ. ಎಷ್ಟು ಕಣ್ಣಿಗೆ ಹಸಿರೋ ಅಷ್ಟು ಆಳ ಕೆಸರು.

ಈ ನೆಲದ ಮೇಲೆ ಯಾರು ಬೇಕಾದರೂ ನಡೆಯಬಹುದು ಎಂಬುದು ಹೋರಾಡಿ ಪಡೆದ ಹಕ್ಕು. ಆಗ ಇದು ಶ್ರೀಮಂತರು ಹಕ್ಕಿ ಬೇಟೆಯಾಡುವ ಖಾಸಗಿ ಬೆಟ್ಟ. 1932ರ ಏಪ್ರಿಲ್ 24ರಂದು ಬೆನ್ನಿ ರಾತ್‌ಮನ್ ಎಂಬ ಇಪ್ಪತ್ತರ ಯುವಕನ ಮುಂದಾಳತ್ವದಲ್ಲಿ ನೂರಾರು ಜನ, ಹೆಚ್ಚಿನವರು ದುಡಿಯುವ ವರ್ಗದವರು, ಪಶ್ಚಿಮದ ಹೇಫೀಲ್ಡ್ ಕಡೆಯಿಂದ ಬೇಕೆಂದೇ ಒಳನುಗ್ಗಿದರು. ಕಾವಲುಗಾರರ ಜೊತೆ ತಳ್ಳಾಟವಾಯಿತು, ಐವರಿಗೆ ಜೈಲಾಯಿತು. ಬೆಟ್ಟ ಮತ್ತು ಬಯಲಿನಲ್ಲಿ ದಾರಿ ಬಿಟ್ಟು ನಡೆಯುವ ಹಕ್ಕು ಕಾನೂನಾಗಿದ್ದು 2000ನೇ ಇಸವಿಯಲ್ಲಿ. ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ತಿಳಿಹಳದಿ ಬಳಿದ ಜಾಗವೆಲ್ಲ ಆ ಕಾನೂನಿನದ್ದು. ಆದರೆ ನಡೆಯಲು ಮಾತ್ರ. ಟೆಂಟ್ ಹೊಡೆಯಲು, ಬೆಂಕಿ ಹಾಕಲು ಅಲ್ಲ. ಪೀಟ್ ಒಣಗಿದಾಗ ನೆಲವೇ ಉರುವಲು, ಒಂದು ಕಿಡಿ ಬಿದ್ದರೆ ಒಳಗೊಳಗೇ ದಿನಗಟ್ಟಲೆ ಉರಿಯುತ್ತದೆ.

ಇನ್ನು ಇಳಿಯುವ ದಾರಿ. ಜೇಕಬ್ಸ್ ಲ್ಯಾಡರ್‌ನ ಕಲ್ಲು ಮೆಟ್ಟಿಲು ಮೊಣಕಾಲಿಗೆ ಆಗದಿದ್ದರೆ ಪಕ್ಕದ ಸುತ್ತುದಾರಿ ಹಿಡಿಯಿರಿ, ಸರಕು ಹೊತ್ತ ಕುದುರೆಗಳೂ ಹಿಂದೆ ಹಾಗೇ ಹೋಗುತ್ತಿದ್ದವು. ಕೆಳಗೆ ಸಣ್ಣ ಕಮಾನಿನ ಹಳೇ ಸೇತುವೆ, ಅಪ್ಪರ್ ಬೂತ್ ಎಂಬ ಕೇರಿ, ಆಮೇಲೆ ಕುರಿಗಳ ಹೊಲ ದಾಟಿ ಈಡೇಲ್. ಮಲೆನಾಡಿನ ತಡಮೆ ದಾಟಿದವರಿಗೆ ಇಲ್ಲಿನ ಬೇಲಿ ದಾಟುವ ಸ್ಟೈಲ್ ಎಂದರೇನೆಂದು ವಿವರಿಸಬೇಕಿಲ್ಲ: ದನ ಕುರಿ ದಾಟಬಾರದು, ಮನುಷ್ಯ ದಾಟಬೇಕು. ಗೇಟು ಸಿಕ್ಕರೆ ಹೇಗಿತ್ತೋ ಹಾಗೇ ಬಿಡಿ. ಮುಚ್ಚಿದ್ದರೆ ಮುಚ್ಚಿ, ತೆರೆದು ಕಟ್ಟಿದ್ದರೆ ರೈತ ನೀರಿನ ಕಡೆಗೆ ದಾರಿ ಬಿಟ್ಟಿರುತ್ತಾನೆ, ಮುಚ್ಚಬೇಡಿ. ಕರುವಿನ ಜೊತೆಗಿರುವ ಹಸುವನ್ನು ನಮ್ಮೂರ ಗೌರಿಯೆಂದು ಸವರಲು ಹೋಗಬೇಡಿ. ದೂರದಿಂದ ಸುತ್ತುಹಾಕಿ, ಅದರಲ್ಲೂ ಹಸುವಿಗೂ ಕರುವಿಗೂ ನಡುವೆ ನುಸುಳಬೇಡಿ.

ಇಂಬಳ ಇಲ್ಲ, ಅದೊಂದು ಪುಣ್ಯ. ಆದರೆ ಬೇಸಿಗೆಯಲ್ಲಿ ಸೊಂಟದೆತ್ತರದ ಬ್ರ್ಯಾಕನ್ ಜರೀಗಿಡಗಳಲ್ಲಿ ಉಣುಗು ಇರುತ್ತದೆ. ನಮ್ಮಲ್ಲಿ ಮಂಗನ ಕಾಯಿಲೆ ಹರಡುವ ಉಣುಗಿನ ಬಂಧು, ಇಲ್ಲಿ ಹರಡುವುದು ಲೈಮ್ ಕಾಯಿಲೆ. ಸಂಜೆ ಮಂಡಿಯ ಹಿಂದೆ, ಕಂಕುಳು, ತೊಡೆಸಂದಿ ನೋಡಿಕೊಳ್ಳಿ. ಕಚ್ಚಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರಕ್ಕೆ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಬೇಡ. ಮುಂದಿನ ವಾರಗಳಲ್ಲಿ ಸುತ್ತ ಉಂಗುರದಂತೆ ಕೆಂಪು ಹರಡಿದರೆ ವೈದ್ಯರ ಬಳಿ ಹೋಗಬೇಕು.

ಊಟದ ವಿಚಾರಕ್ಕೆ ಬಂದರೆ, ಮಧ್ಯಾಹ್ನಕ್ಕೆ ಬುತ್ತಿಯೇ ಭದ್ರ. ಚಪಾತಿಗೆ ಚಟ್ನಿಪುಡಿ ತುಪ್ಪ ಸವರಿ ಸುರುಳಿ ಸುತ್ತಿದರೆ ಗ್ಲೌಸು ಬಿಚ್ಚದೆಯೂ ತಿನ್ನಬಹುದು. ಚಿತ್ರಾನ್ನ ಚಳಿಗೆ ಗಟ್ಟಿಯಾಗುತ್ತದೆ, ಮೊಸರನ್ನದ ಹೆಸರೇ ಎತ್ತಬೇಡಿ. ಫ್ಲಾಸ್ಕಿನಲ್ಲಿ ಬಿಸಿ ಕಾಫಿ, ಒಂದೂವರೆ ಲೀಟರ್ ನೀರು. ಕಿಂಡರ್‌ನ ತೊರೆಗಳು ಪೀಟ್‌ನಿಂದ ಚಹಾ ಬಣ್ಣಕ್ಕಿರುತ್ತವೆ, ಮೇಲುಗಡೆ ಕುರಿ ಸತ್ತು ಬಿದ್ದಿರಬಹುದು, ಕುಡಿಯಬೇಡಿ. ಸಂಜೆ ಪಬ್ಬಿನಲ್ಲಿ ಸಸ್ಯಾಹಾರಿಗಳಿಗೆ ಒಂದೆರಡಾದರೂ ಸಿಗುತ್ತದೆ, ಅಡುಗೆಮನೆ ಬೇಗ ಮುಚ್ಚುವುದರಿಂದ ಎಂಟರೊಳಗೆ ಹೋಗಿ. ಚಿಪ್ಸ್ ಕೊಳ್ಳುವಾಗ ಯಾವುದರಲ್ಲಿ ಕರಿದದ್ದು ಅಂತ ಕೇಳಿಯೇ ತಿನ್ನಿ. ಉತ್ತರ ಇಂಗ್ಲೆಂಡಿನ ಎಷ್ಟೋ ಅಂಗಡಿಗಳಲ್ಲಿ ಈಗಲೂ ದನದ ಕೊಬ್ಬಿನಲ್ಲೇ ಕರಿಯುತ್ತಾರೆ. ಈ ಸೀಮೆಯ ಹೆಸರಾಂತ ಬೇಕ್‌ವೆಲ್ ಪುಡಿಂಗ್‌ನಲ್ಲಿ ಮೊಟ್ಟೆಯಿದೆ.

ಭಾನುವಾರದ ನಡಿಗೆ ಸುಮಾರು 12 ಕಿ.ಮೀ., ನೋಡುವುದು ಹೆಚ್ಚು. ಈಡೇಲ್‌ನಿಂದ ದಕ್ಷಿಣಕ್ಕೆ ಹಾಲಿನ್ಸ್ ಕ್ರಾಸ್ ಎಂಬ ಕಣಿವೆಬಾಯಿಗೆ ಹತ್ತಿ. 1633ರಲ್ಲಿ ಈಡೇಲ್‌ಗೆ ಸ್ವಂತ ಚರ್ಚು ಬರುವ ಮೊದಲು ಊರವರು ಹೆಣವನ್ನು ಹೊತ್ತು ಈ ಬೆಟ್ಟ ದಾಟಿ ಕ್ಯಾಸಲ್ಟನ್‌ಗೆ ಒಯ್ಯಬೇಕಿತ್ತು. ಮೇಲಿಂದ ಬಲಕ್ಕೆ ಏಣಿನುದ್ದಕ್ಕೂ ಚಪ್ಪಡಿ ದಾರಿ, 517 ಮೀಟರಿನ ಮ್ಯಾಮ್ ಟಾರ್‌ವರೆಗೆ. ಒಂದು ಕಡೆ ಈಡೇಲ್ ಕಣಿವೆ ಮತ್ತು ನಿನ್ನೆ ನಡೆದ ಕಿಂಡರ್‌ನ ಕಪ್ಪು ಅಂಚು, ಇನ್ನೊಂದು ಕಡೆ ಹೋಪ್ ಕಣಿವೆ. ನೆತ್ತಿಯ ಸುತ್ತ ಮಣ್ಣಿನ ಏರಿಗಳು ಕಾಣುತ್ತವಲ್ಲ, ಅವು ಕಂಚಿನ ಯುಗದ ಕೊನೆ, ಕಬ್ಬಿಣ ಯುಗದ ಮೊದಲಿನ ಕೋಟೆಯ ಗೋಡೆಗಳು.

ಮ್ಯಾಮ್ ಟಾರ್ ಅಂದರೆ ತಾಯಿ ಬೆಟ್ಟ. ತನ್ನ ಮಡಿಲಿಂದ ಕುಸಿದ ಮಣ್ಣಿನಿಂದ ಕೆಳಗೆ ಮರಿಗುಡ್ಡಗಳನ್ನು ಹೆತ್ತಿದ್ದಕ್ಕೆ ಈ ಹೆಸರಂತೆ. ಮೇಲೆ ಮರಳುಗಲ್ಲು, ಅಡಿಯಲ್ಲಿ ಮೆತ್ತನೆಯ ಜೇಡಿಪದರ. ಮಳೆನೀರು ಇಳಿದು ಅಡಿ ಜಾರುತ್ತದೆ, ಮೇಲಿನದು ಕುಸಿಯುತ್ತದೆ. ಇದರ ಅಡ್ಡಕ್ಕೆ 1819ರಲ್ಲಿ ರಸ್ತೆ ಮಾಡಿದರು. ಕುಸಿದಾಗಲೆಲ್ಲ ಡಾಂಬರು ಸುರಿದು ರಿಪೇರಿ ಮಾಡಿದರು. 1979ರಲ್ಲಿ ಕೈಚೆಲ್ಲಿದರು. ಶಿಖರದಿಂದ ಪಶ್ಚಿಮಕ್ಕೆ ಮ್ಯಾಮ್ ನಿಕ್‌ಗೆ ಇಳಿದು, ಬ್ಲೂ ಜಾನ್ ಗುಹೆಯ ಪಕ್ಕದಿಂದ ಈ ಒಡೆದ ರಸ್ತೆಗೆ ಬನ್ನಿ. ನಡುಗೆರೆ ಬಳಿದ ಡಾಂಬರು ತುಂಡಾಗಿ ಮೆಟ್ಟಿಲಿನಂತೆ ಕೆಳಗಿಳಿದಿದೆ. ಬಿರುಕಿನ ಅಂಚಲ್ಲಿ ನಿಂತು ನೋಡಿದರೆ ಡಾಂಬರು, ಜಲ್ಲಿ, ಮತ್ತೆ ಡಾಂಬರು, ಮತ್ತೆ ಜಲ್ಲಿ: ಒಂದೊಂದು ಪದರವೂ ಒಂದೊಂದು ಸೋತ ರಿಪೇರಿ. ಶಿರಾಡಿ ಘಾಟಿಯ ಮಳೆಗಾಲ ಕಂಡ ಯಾರಿಗಾದರೂ ಇಲ್ಲಿ ಹತ್ತು ನಿಮಿಷ ನಿಲ್ಲುವಂತಾಗುತ್ತದೆ. ಈಗ ಕಾರುಗಳಿಗೆ ಉಳಿದಿರುವುದು ಪಕ್ಕದ ವಿನ್ನಟ್ಸ್ ಪಾಸ್, ಸುಣ್ಣಕಲ್ಲಿನ ಗೋಡೆಗಳ ನಡುವಿನ ಕಡಿದಾದ ಇಕ್ಕಟ್ಟು. ಅದರಲ್ಲಿ ಕಾಲುದಾರಿ ಸಾಲದು, ವಾಹನಗಳ ಜೊತೆ ಇಳಿಯಬೇಡಿ.

ಒಡೆದ ರಸ್ತೆ ಇಳಿದರೆ ಸಿಗುವ ಕ್ಯಾಸಲ್ಟನ್‌ನಲ್ಲಿ ನಾಲ್ಕು ಗುಹೆಗಳಿವೆ, ಎಲ್ಲ ನೋಡುವ ಆಸೆ ಬೇಡ. ನೇರಳೆ ಹಳದಿ ಪಟ್ಟೆಯ ಬ್ಲೂ ಜಾನ್ ಕಲ್ಲು ನೋಡಬೇಕೆಂದರೆ ಟ್ರೀಕ್ ಕ್ಲಿಫ್, ಅಲ್ಲಿ ಸುಣ್ಣದ ತೊಂಗಲುಗಳೂ ಚೆನ್ನಾಗಿವೆ. ಮಕ್ಕಳಿದ್ದರೆ ಸ್ಪೀಡ್‌ವೆಲ್: ನೂರಕ್ಕೂ ಹೆಚ್ಚು ಮೆಟ್ಟಿಲಿಳಿದು ಹಳೇ ಸೀಸದ ಗಣಿಯ ನೀರು ತುಂಬಿದ ಸುರಂಗದಲ್ಲಿ ದೋಣಿ. ಒಳಗೆ ವರ್ಷವಿಡೀ ಒಂದೇ ಚಳಿ, ಜುಲೈಯಲ್ಲೂ ಫ್ಲೀಸ್ ಬೇಕು. ಊರ ಮೇಲಿನ ಪೆವರಿಲ್ ಕೋಟೆ ನಾರ್ಮನ್ನರದು, ಚೌಕ ಗೋಪುರ ಎರಡನೇ ಹೆನ್ರಿ 1176ರಲ್ಲಿ ಕಟ್ಟಿಸಿದ್ದು. ಕೋಟೆಯ ಹಿಂದಿನ ಕೇವ್ ಡೇಲ್ ಕಣಿವೆ ಚೆಂದ, ಆದರೆ ಲಕ್ಷಾಂತರ ಬೂಟುಗಳು ತಿಕ್ಕಿ ನುಣುಪಾದ ಸುಣ್ಣಕಲ್ಲು ಮಳೆ ಬಿದ್ದರೆ ಸೋಪಿನ ಬಚ್ಚಲು. ನಿನ್ನೆಯ ಒರಟು ಮರಳುಗಲ್ಲಿನ ಮೇಲೆ ಹಿಡಿತ ಕೊಟ್ಟ ಬೂಟು ಇಲ್ಲಿ ಕೈಕೊಡುತ್ತದೆ.

ಬೆಟ್ಟದಲ್ಲಿ ಯಾರಾದರೂ ಬಿದ್ದರೆ 999ಕ್ಕೆ ಕರೆ ಮಾಡಿ, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ. ನೇರ ಆಂಬ್ಯುಲೆನ್ಸ್ ಕೇಳಿದರೆ ಅದು ರಸ್ತೆ ಮುಗಿಯುವಲ್ಲಿ ನಿಲ್ಲುತ್ತದೆ. ರಕ್ಷಣೆಗೆ ಬರುವವರು ಸ್ವಯಂಸೇವಕರು, ದುಡ್ಡು ಕೇಳುವುದಿಲ್ಲ. ಸಿಗ್ನಲ್ ದುರ್ಬಲವಿದ್ದಾಗ 999ಕ್ಕೆ ಸಂದೇಶ ಕಳಿಸಬಹುದು, ಆದರೆ ನಿಮ್ಮ ಬ್ರಿಟಿಷ್ ಮೊಬೈಲ್ ನಂಬರನ್ನು ಮೊದಲೇ ನೋಂದಾಯಿಸಿರಬೇಕು: "ರಿಜಿಸ್ಟರ್" ಎಂಬ ಪದವನ್ನು ಇಂಗ್ಲಿಷಿನಲ್ಲಿ 999ಕ್ಕೇ ಕಳಿಸಿದರೆ ಮುಂದಿನದು ತಿಳಿಸುತ್ತಾರೆ. ಫೋನೇ ಇಲ್ಲದಿದ್ದರೆ ಸೀಟಿ: ಒಂದು ನಿಮಿಷದಲ್ಲಿ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು.

ಕ್ಯಾಸಲ್ಟನ್‌ನಿಂದ ಹಳ್ಳದ ಪಕ್ಕದ ಸಪಾಟು ದಾರಿಯಲ್ಲಿ ಹೋಪ್ ರೈಲು ನಿಲ್ದಾಣಕ್ಕೆ ಸುಮಾರು 4 ಕಿ.ಮೀ. ಊರು ಬಂತೆಂದು ನಿರಾಳವಾಗಬೇಡಿ, ನಿಲ್ದಾಣ ಹೋಪ್ ಹಳ್ಳಿಯಿಂದಲೂ ಇನ್ನೂ ಒಂದು ಕಿಲೋಮೀಟರಿಗಿಂತ ಹೆಚ್ಚು ಆಚೆಗಿದೆ. ಎಷ್ಟೋ ಜನ ರೈಲು ತಪ್ಪಿಸಿಕೊಳ್ಳುವುದು ಈ ಕೊನೆಯ ಹದಿನೈದು ನಿಮಿಷದಲ್ಲಿ. ಮನೆಗೆ ಬಂದ ಮೇಲೆ ಬೂಟನ್ನು ಹೀಟರ್ ಮೇಲಿಡಬೇಡಿ, ಚರ್ಮ ಸೀಳುತ್ತದೆ, ಅಂಟು ಬಿಡುತ್ತದೆ. ಪೀಟನ್ನು ತಣ್ಣೀರಲ್ಲಿ ತೊಳೆದು, ಒಳಗೆ ಹಳೇ ಪೇಪರ್ ತುರುಕಿ, ರಾತ್ರಿ ಮಲಗುವ ಮುಂಚೆ ಒಮ್ಮೆ ಪೇಪರ್ ಬದಲಿಸಿ.